ನಾಲ್ಕು ಭುಜಗಳಿಂದ ಚತುರ್ಭುಜವು ನಿಶ್ಚಿತವಾಗುವುದೇ? : ಭಾರತೀಯ ಕ್ಷೇತ್ರಗಣಿತದ ಒಂದು ವಿವಾದ

ಮೂರು ಕೋಲುಗಳ ತುದಿಗಳನ್ನು ಜೋಡಿಸಿ ತ್ರಿಭುಜವೊಂದನ್ನು ಮಾಡಿದರೆ ಅದರ ಆಕಾರವು ಸ್ಥಿರವಾಗಿ ನಿಲ್ಲುತ್ತದೆ. ನಾಲ್ಕು ಕೋಲುಗಳನ್ನು ಹಾಗೆಯೇ ಜೋಡಿಸಿದರೆ ಆ ಚೌಕಟ್ಟು ಒಂದು ಕಡೆಗೆ ವಾಲಬಲ್ಲದು. ಭುಜಗಳ ಅಳತೆ ಬದಲಾಗದಿದ್ದರೂ ಕೋನಗಳು ಬದಲಾಗುತ್ತವೆ. ಅವುಗಳೊಡನೆ ಕ್ಷೇತ್ರಫಲವೂ ಬದಲಾಗುತ್ತದೆ. ನೋಡಲು ಸರಳವಾದ ಈ ವ್ಯತ್ಯಾಸವು ನಮ್ಮ ದೇಶದ ಗಣಿತಜ್ಞರಲ್ಲಿ ಹಲವು ಶತಮಾನಗಳ ವಿಚಾರಕ್ಕೆ ಎಡೆಮಾಡಿಕೊಟ್ಟಿತು. ಆ ವಿಚಾರದ ಮುಖ್ಯ ಘಟ್ಟಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬ್ರಹ್ಮಗುಪ್ತನು ಕ್ರಿ. ಶ. ೬೨೮ರಲ್ಲಿ ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ದ ಹನ್ನೆರಡನೆಯ ಅಧ್ಯಾಯದಲ್ಲಿ ತ್ರಿಭುಜ ಮತ್ತು ಚತುರ್ಭುಜಗಳ ಕ್ಷೇತ್ರಫಲಕ್ಕೆ ಎರಡು ಸೂತ್ರಗಳನ್ನು ಹೇಳಿದ್ದಾನೆ. ಎದುರುಬದುರಾದ ಭುಜಗಳ ಮೊತ್ತಗಳನ್ನು ಅರ್ಧಿಸಿ ಪರಸ್ಪರ ಗುಣಿಸುವುದು ಸ್ಥೂಲವಾದ ಕ್ರಮ. ನಾಲ್ಕು ಭುಜಗಳ ಮೊತ್ತದ ಅರ್ಧದಿಂದ ಒಂದೊಂದು ಭುಜವನ್ನೂ ಪ್ರತ್ಯೇಕವಾಗಿ ಕಳೆದು, ಬಂದ ನಾಲ್ಕು ಶೇಷಗಳ ಗುಣಲಬ್ಧದ ವರ್ಗಮೂಲವನ್ನು ತೆಗೆಯುವುದು ಸೂಕ್ಷ್ಮವಾದ ಕ್ರಮ. ೧೩, ೧೪, ೧೫ ಭುಜಗಳುಳ್ಳ ತ್ರಿಭುಜದಲ್ಲಿ ನಾಲ್ಕನೆಯ ಭುಜವನ್ನು ಸೊನ್ನೆಯೆಂದು ಭಾವಿಸಿದರೆ, ೧೩ ಮತ್ತು ೧೫ನ್ನು ಎದುರುಭುಜಗಳಾಗಿ ಹಿಡಿದಾಗ ಸ್ಥೂಲಕ್ರಮದಿಂದ ೯೮, ಸೂಕ್ಷ್ಮಕ್ರಮದಿಂದ ೮೪ ದೊರೆಯುತ್ತವೆ. ೮೪ ಎಂಬುದೇ ಯಥಾರ್ಥ ಫಲ. ತ್ರಿಭುಜದ ವಿಷಯದಲ್ಲಿ ಸೂಕ್ಷ್ಮಸೂತ್ರವು ಎಂದಿಗೂ ತಪ್ಪುವುದಿಲ್ಲ. ಆದರೆ ಚತುರ್ಭುಜದಲ್ಲಿ, ಅದರ ನಾಲ್ಕು ಶೃಂಗಗಳೂ ಒಂದೇ ವೃತ್ತದ ಮೇಲಿದ್ದರೆ ಮಾತ್ರ ಅದು ಸಲ್ಲುತ್ತದೆ. ಈ ನಿಬಂಧನೆಯನ್ನು ಬ್ರಹ್ಮಗುಪ್ತನ ಸೂತ್ರವು ಬಾಯಿಬಿಟ್ಟು ಹೇಳುವುದಿಲ್ಲ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿಯೂ ಇದೇ ಸೂತ್ರವು ಕಂಡುಬರುತ್ತದೆ. ಆತನು ತ್ರಿಭುಜಗಳನ್ನು ಸಮ, ದ್ವಿಸಮ, ವಿಷಮ ಎಂದು ಮೂರು ಬಗೆಯಾಗಿಯೂ ಚತುರ್ಭುಜಗಳನ್ನು ಐದು ಬಗೆಯಾಗಿಯೂ ವಿಂಗಡಿಸಿ, ವ್ಯಾವಹಾರಿಕ ಗಣನೆಯನ್ನೂ ಸೂಕ್ಷ್ಮ ಗಣನೆಯನ್ನೂ ಬೇರೆಬೇರೆಯಾಗಿ ನಿರೂಪಿಸಿದ್ದಾನೆ. ಮುಖ ಮತ್ತು ಭೂಮಿಗಳ ಮೊತ್ತದ ಅರ್ಧವನ್ನು ಲಂಬದಿಂದ ಗುಣಿಸುವ ಕ್ರಮವು ವಿಷಮ ಚತುರ್ಭುಜಕ್ಕೆ ಸಲ್ಲದೆಂದು ಸ್ಪಷ್ಟವಾಗಿ ಎಚ್ಚರಿಸುತ್ತಾನೆ. ಆದರೆ ವರ್ಗಮೂಲದ ಸೂತ್ರಕ್ಕೆ ಅಂತಹ ಎಚ್ಚರಿಕೆಯಿಲ್ಲ. ಸೂತ್ರವು ಮುಂದಿನವರಿಗೆ ಬಂದಿತು. ಅದರ ನಿಬಂಧನೆಯು ಬರಲಿಲ್ಲ.

ಈ ಲೋಪವನ್ನು ತೀಕ್ಷ್ಣವಾಗಿ ತೋರಿಸಿದವರಲ್ಲಿ ಭಾಸ್ಕರಾಚಾರ್ಯನು ಪ್ರಮುಖನು. ಕ್ರಿ. ಶ. ೧೧೫೦ರ ‘ಲೀಲಾವತಿ’ಯಲ್ಲಿ ಆತನು ನಾಲ್ಕು ಭುಜಗಳೂ ೨೫ ಆಗಿರುವ ಕ್ಷೇತ್ರವನ್ನು ಉದಾಹರಿಸುತ್ತಾನೆ. ಅದರ ಕರ್ಣಗಳು ೩೦ ಮತ್ತು ೪೦ ಆದರೆ ಫಲವು ೬೦೦. ೧೪ ಮತ್ತು ೪೮ ಆದರೆ ೩೩೬. ಕರ್ಣಗಳೆರಡೂ ಸಮವಾದರೆ ೬೨೫. ವರ್ಗಮೂಲದ ಸೂತ್ರವಾದರೋ ಮೂರು ಸಂದರ್ಭಗಳಲ್ಲಿಯೂ ೬೨೫ನ್ನೇ ಕೊಡುತ್ತದೆ. ಆದುದರಿಂದ ಕರ್ಣವನ್ನಾಗಲಿ ಲಂಬವನ್ನಾಗಲಿ ತಿಳಿಸದೆ ಚತುರ್ಭುಜದ ಫಲವನ್ನು ಕೇಳುವವನೂ ಹೇಳುವವನೂ ಪಿಶಾಚಪ್ರಾಯರೆಂದು ಆತನು ನಿಂದಿಸುತ್ತಾನೆ. ಇಲ್ಲಿ ಒಂದು ಅಂಶವು ಗಮನಾರ್ಹವಾದುದು. ಯವನರ ರೇಖಾಗಣಿತದಲ್ಲಿ ಕೋನಕ್ಕೆ ಇರುವ ಸ್ಥಾನವು ಸರಳರೇಖಾಕೃತಿಗಳನ್ನು ಕುರಿತ ನಮ್ಮವರ ಗಣನೆಯಲ್ಲಿ ಬಹುಮಟ್ಟಿಗೆ ಕರ್ಣ ಮತ್ತು ಲಂಬಗಳಿಗೆ ಸಂದಿದೆ. ಕರ್ಣವು ಗೊತ್ತಾದೊಡನೆ ಚತುರ್ಭುಜವು ಎರಡು ತ್ರಿಭುಜಗಳಾಗಿ ಒಡೆಯುತ್ತದೆ. ತ್ರಿಭುಜವು ನಿಶ್ಚಿತವಾದ ಆಕೃತಿ.

ಹಾಗಾದರೆ ಬ್ರಹ್ಮಗುಪ್ತನು ತಪ್ಪಿದನೇ? ಚತುರ್ಭುಜದ ಕರ್ಣಗಳಿಗೆ ಆತನು ಕೊಟ್ಟಿರುವ ಸೂತ್ರಗಳು ಸಹ ಚಕ್ರೀಯ ಚತುರ್ಭುಜಕ್ಕೆ, ಎಂದರೆ ಎದುರುಕೋನಗಳು ಕೂಡಿ ಎರಡು ಲಂಬಕೋನಗಳಾಗುವ ಆಕೃತಿಗೆ, ಮಾತ್ರ ಹೊಂದುತ್ತವೆ. ಆತನ ದೃಷ್ಟಿಯಲ್ಲಿ ಆ ಆಕೃತಿಯೇ ಇದ್ದಿತೆಂದು ಊಹಿಸಲು ಇದು ಬಲವಾದ ಆಧಾರ. ಕೋಲ್‌ಬ್ರೂಕನ ಆಂಗ್ಲ ಅನುವಾದವು ೧೮೧೭ರಲ್ಲಿ ಪ್ರಕಟವಾದ ಬಳಿಕ, ಫ್ರೆಂಚ್ ಗಣಿತಜ್ಞ ಶಾಲ್ ೧೮೩೭ರಲ್ಲಿ ಇದೇ ರೀತಿಯ ವ್ಯಾಖ್ಯಾನವನ್ನು ಮಂಡಿಸಿದನು. ಅದಕ್ಕೂ ಬಹಳ ಹಿಂದೆಯೇ, ಹದಿನಾರನೆಯ ಶತಮಾನದಲ್ಲಿ, ಕೇರಳದ ಜ್ಯೇಷ್ಠದೇವನು ಮಲೆಯಾಳ ಭಾಷೆಯ ‘ಯುಕ್ತಿಭಾಷಾ’ ಗ್ರಂಥದಲ್ಲಿ ಚತುರ್ಭುಜವನ್ನು ವೃತ್ತದೊಳಗೆ ಇರಿಸಿಯೇ ಈ ಸೂತ್ರವನ್ನು ಉಪಪತ್ತಿಸಹಿತವಾಗಿ ಸಾಧಿಸಿದ್ದನು.

ಈ ಚರ್ಚೆಯನ್ನು ಬರಿಯ ಶಾಸ್ತ್ರವಿನೋದವೆಂದು ಬಗೆಯಲಾಗದು. ಕ್ಷೇತ್ರಗಣಿತದ ಒಂದು ಮುಖ್ಯ ಪ್ರಯೋಜನವು ಭೂಮಿಯ ಅಳತೆ. ಕನ್ನಡ ನಾಡಿನ ಶಾಸನಗಳಲ್ಲಿ ಗಳೆಯಿಂದ ಅಳೆದು ಮತ್ತರುಗಳಲ್ಲಿ ಹೇಳಿದ ಭೂಮಿಗಳ ಉಲ್ಲೇಖಗಳು ಹೇರಳವಾಗಿವೆ. ಹೊಲದ ಅಂಚುಗಳನ್ನಷ್ಟೇ ಅಳೆದು ಮೇಲಿನ ಎರಡು ಸೂತ್ರಗಳಲ್ಲಿ ಯಾವುದನ್ನು ಬಳಸಿದರೂ ಬರುವ ಫಲವು ಯಥಾರ್ಥಕ್ಕೆ ಸಮವಾಗಬಹುದು ಅಥವಾ ಹೆಚ್ಚಾಗಬಹುದು, ಕಡಮೆಯಂತೂ ಆಗದು. ತೆರಿಗೆಯು ವಿಸ್ತೀರ್ಣವನ್ನು ಅನುಸರಿಸುವಲ್ಲಿ ಆ ಹೆಚ್ಚಳದ ಭಾರವು ತೆರಿಗೆ ಕೊಡುವವನ ಮೇಲೆ ಬೀಳುವುದು. ಹೊಲದ ನಡುವೆ ಓರೆಯಾಗಿ ಇನ್ನೊಂದು ಸಲ ಗಳೆಯನ್ನು ಹಾಯಿಸಿದರೆ ಆ ಅನ್ಯಾಯವು ತಪ್ಪುತ್ತದೆ.

ಕಾಲೇಜುಗಳಲ್ಲಿ ಈ ಸೂತ್ರವನ್ನು ಪ್ರಾಚೀನರ ಮಹಿಮೆಗೆ ನಿದರ್ಶನವೆಂದೋ ಅವರ ಪ್ರಮಾದಕ್ಕೆ ನಿದರ್ಶನವೆಂದೋ ಹೇಳಿ ಮುಗಿಸಿಬಿಡುವುದು ಸುಲಭ. ಎರಡೂ ಅಪೂರ್ಣ. ಒಂದು ಸತ್ಯವು ಯಾವ ಎಲ್ಲೆಯೊಳಗೆ ಸತ್ಯವೆಂಬುದನ್ನು ಅದರೊಡನೆಯೇ ಹೇಳಬೇಕು. ಹೇಳದೆ ಬಿಟ್ಟಲ್ಲಿ ಶ್ರೇಷ್ಠ ಗ್ರಂಥಗಳೂ ಅದನ್ನು ಅಪೂರ್ಣವಾಗಿಯೇ ಮುಂದಕ್ಕೆ ಸಾಗಿಸುತ್ತವೆ. ಚರಿತ್ರೆಯ ವಿದ್ಯಾರ್ಥಿಯು ಈ ವಿವಾದದಿಂದ ಗ್ರಹಿಸಬೇಕಾದ ಪಾಠವು ಇದೇ.