ಒಂಟಿ ಪಯಣಿಗನ ಮರೆವು: ಕಲಬುರಗಿಯನ್ನು ಕಂಡ ರಷ್ಯದ ವರ್ತಕ

ವಿದೇಶಕ್ಕೆ ಒಬ್ಬಂಟಿಯಾಗಿ ಹೊರಟ ಮಗನನ್ನೋ ಮಗಳನ್ನೋ ಕಲಬುರಗಿಯ ರೈಲುನಿಲ್ದಾಣದಲ್ಲಿ ಬೀಳ್ಕೊಡುವ ತಂದೆತಾಯಂದಿರು ಇಂದು ನಮ್ಮ ಸಮಾಜದಲ್ಲಿ ವಿರಳರಲ್ಲ. ಹಣ ಕಳುವಾದೀತು, ಕಾಯಿಲೆ ಬಂದೀತು, ಊಟಕ್ಕೆ ತೊಂದರೆಯಾದೀತು ಎಂಬ ಆತಂಕ ಅವರಿಗೆ ಸಹಜವಾದುದು. ಆದರೆ ಒಂಟಿ ಪಯಣದಲ್ಲಿ ಇವುಗಳಿಗಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವುಂಟು. ಅದನ್ನರಿಯಲು, ಐದೂವರೆ ಶತಮಾನಗಳ ಹಿಂದೆ ಇದೇ ನಾಡಿಗೆ ಒಬ್ಬನೇ ಬಂದ ಪರದೇಶಿಯೊಬ್ಬನ ವೃತ್ತಾಂತವನ್ನು ನೆನೆಯುವುದು ಉಚಿತ.

ಕಲಬುರಗಿಯಿಂದ ಹೊರಟು, ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನು ದಾಟಿ, ಹುಮನಾಬಾದಿನ ಮೂಲಕ ಬೀದರನ್ನು ಸೇರುವ ರಸ್ತೆ ಬಹಮನಿ ಅರಸರ ಎರಡು ರಾಜಧಾನಿಗಳನ್ನು ಬೆಸೆಯುತ್ತದೆ. 1347ರಲ್ಲಿ ಸ್ಥಾಪಿತವಾದ ಆ ರಾಜ್ಯಕ್ಕೆ ಮೊದಲು ಕಲಬುರಗಿಯೂ 15ನೆಯ ಶತಮಾನದಲ್ಲಿ ಬೀದರೂ ರಾಜಧಾನಿಗಳಾಗಿದ್ದವು. ಅಫನಾಸಿ ನಿಕಿತಿನ್ ಎಂಬ ರಷ್ಯದ ವರ್ತಕನು 1470ರ ಆಸುಪಾಸಿನಲ್ಲಿ ಈ ಎರಡೂ ನಗರಗಳನ್ನು ಕಂಡನು. ಅವನು ಬರೆದಿಟ್ಟ ‘ಮೂರು ಸಮುದ್ರಗಳಾಚೆಯ ಯಾತ್ರೆ’ ಎಂಬ ಟಿಪ್ಪಣಿಯೇ ನಮಗೆ ಆಧಾರ.

ನಿಕಿತಿನ್ ತನ್ನ ಊರಾದ ತ್ವೇರ್‌ನಿಂದ ಹೊರಟಾಗ ಒಬ್ಬನೇ ಇರಲಿಲ್ಲ. ಓಲ್ಗಾ ನದಿಯ ಮುಖದಲ್ಲಿ, ಅಸ್ತ್ರಖಾನದ ಬಳಿ, ದರೋಡೆಯಾಯಿತು. ಸರಕು ಕಳೆದುಕೊಂಡ ಸಂಗಡಿಗರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಚದುರಿದರು. ಅವನು ಬಾಕು, ಪರ್ಷಿಯಾ, ಹೊರ್ಮುಜ್‌ಗಳ ಮಾರ್ಗವಾಗಿ, ಮಾರುವುದಕ್ಕೆಂದು ಒಂದು ಕುದುರೆಯನ್ನು ಹಡಗಿನಲ್ಲಿ ತಂದು, ಕೊಂಕಣದ ಚೌಲ್ ಬಂದರಿನಲ್ಲಿ ಇಳಿದನು. ಜುನ್ನರದಲ್ಲಿ ಅಲ್ಲಿಯ ಅಧಿಕಾರಿಯು ಆ ಕುದುರೆಯನ್ನು ಕಸಿದುಕೊಂಡು, ಮತಾಂತರ ಹೊಂದಿದರೆ ಕುದುರೆಯನ್ನೂ ಸಾವಿರ ಹೊನ್ನನ್ನೂ ಕೊಡುವೆನೆಂದು ನಾಲ್ಕು ದಿನಗಳ ಗಡುವು ವಿಧಿಸಿದನು. ಆಗ ಅವನ ನೆರವಿಗೆ ಬಂದವನು ಖೊರಾಸಾನದ ಮುಸಲ್ಮಾನ ಸಜ್ಜನನೊಬ್ಬ. ಆತನ ವಿನಂತಿಯಿಂದ ನಿಕಿತಿನ್ ತನ್ನ ಧರ್ಮವನ್ನೂ ಕುದುರೆಯನ್ನೂ ಉಳಿಸಿಕೊಂಡನು. ಒಂಟಿ ಪಯಣಿಗನಿಗೆ ಎದುರಾಳಿಯಾಗಿ ಬಂದವನೂ ಆಸರೆಯಾಗಿ ನಿಂತವನೂ ಅಪರಿಚಿತರೇ.

ನಾಡಿನಲ್ಲಿ ಅವನು ‘ಖ್ವಾಜಾ ಯೂಸುಫ್ ಖೊರಾಸಾನಿ’ ಎಂಬ ಹೆಸರಿನಿಂದ ತಿರುಗಾಡುತ್ತಿದ್ದನು. ಬೀದರದಲ್ಲಿ ಪರಿಚಿತರಾದ ಸ್ಥಳೀಯರಿಗೆ ಮಾತ್ರ ತನ್ನ ನಿಜವಾದ ಹೆಸರನ್ನೂ ತಾನು ಕ್ರೈಸ್ತನೆಂಬುದನ್ನೂ ತಿಳಿಸಿದನು. ಆ ಬಳಿಕ ಅವರು ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮರೆಮಾಚಲಿಲ್ಲವೆಂದು ಅವನು ಬರೆಯುತ್ತಾನೆ. ಅವರೊಡನೆ ಶ್ರೀಶೈಲದ ಜಾತ್ರೆಗೂ ಹೋದನು. ಈ ಜನರು ಮಾಂಸ ತಿನ್ನುವುದಿಲ್ಲ, ಹಗಲಿನಲ್ಲಿ ಎರಡು ಬಾರಿ ಉಣ್ಣುತ್ತಾರೆ, ರಾತ್ರಿ ಉಣ್ಣುವುದಿಲ್ಲ ಎಂದು ದಾಖಲಿಸಿದ್ದಾನೆ. ರಾತ್ರಿಭೋಜನ ತ್ಯಾಗವನ್ನು ವ್ರತವಾಗಿ ಪಾಲಿಸುವ ನಮಗೆ ಈ ಮಾತು ಆಪ್ತವೆನಿಸದೆ ಇರದು. ಮುಂದೆ ಕಲಬುರಗಿಗೂ ಆಳಂದಕ್ಕೂ ಬಂದನು. ಆಳಂದದಲ್ಲಿ ಶೇಖ್ ಅಲಾವುದ್ದೀನರ ಹೆಸರಿನಲ್ಲಿ ಹತ್ತು ದಿನ ನಡೆಯುತ್ತಿದ್ದ ಸಂತೆಗೆ ಇಪ್ಪತ್ತು ಸಾವಿರ ಕುದುರೆಗಳು ಬರುತ್ತಿದ್ದವೆಂದು ಬೆರಗಿನಿಂದ ವರ್ಣಿಸಿದ್ದಾನೆ. ಗುಂಪಿನಲ್ಲಿ ಬಂದವನು ತನ್ನವರೊಡನೆಯೇ ಮಾತನಾಡುತ್ತಾನೆ. ಒಬ್ಬನೇ ಬಂದವನು ನಾಡಿನವರೊಡನೆ ಬೆರೆಯಲೇಬೇಕು. ಒಂಟಿ ಪಯಣದ ನಿಜವಾದ ಸುಖವಿರುವುದು ಇಲ್ಲಿ.

ಆದರೆ ಅವನ ಬರಹದಲ್ಲಿ ಮತ್ತೆ ಮತ್ತೆ ಕೇಳಿಬರುವ ದುಃಖ ಬೇರೆಯದು. ದರೋಡೆಯಲ್ಲಿ ಸರಕಿನೊಡನೆ ಅವನ ಧರ್ಮಗ್ರಂಥಗಳೂ ಹೋಗಿದ್ದವು. ಅವುಗಳಿಲ್ಲದೆ ಹಬ್ಬಗಳ ದಿನ ಯಾವುದು, ಉಪವಾಸದ ದಿನ ಯಾವುದು ಎಂಬ ಲೆಕ್ಕವೇ ತಪ್ಪಿತು. ಈಸ್ಟರ್ ಹಬ್ಬವನ್ನು ಊಹೆಯಿಂದ ಆಚರಿಸಿದನು. ಪರನಾಡಿನಲ್ಲಿ ಅಂಥ ನಾಲ್ಕು ಹಬ್ಬಗಳು ಕಳೆದವೆಂದು ಮರುಗಿದನು. ತನ್ನ ಉಪವಾಸದ ಕಾಲ ತಿಳಿಯದೆ, ಸುತ್ತಲಿನ ಮುಸಲ್ಮಾನರು ಉಪವಾಸವಿದ್ದಾಗ ಅವರೊಡನೆ ತಾನೂ ಇದ್ದನು. ಅವನ ಟಿಪ್ಪಣಿಯ ಕೊನೆಯ ಪ್ರಾರ್ಥನೆಯಲ್ಲಿ ತುಂಬಿರುವುದು ಅರಬ್ಬಿಯ ಮಾತುಗಳು.

ನಮ್ಮ ಆಚಾರ್ಯರು ಗೃಹಸ್ಥನಿಗೆ ವಿಧಿಸಿದ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ, ಅಂದರೆ ದಿಕ್ಕುಗಳಲ್ಲಿ ತನ್ನ ಸಂಚಾರಕ್ಕೆ ತಾನೇ ಎಲ್ಲೆ ಹಾಕಿಕೊಳ್ಳುವುದು. ಅದರ ಐದು ಅತಿಚಾರಗಳಲ್ಲಿ ಮೇಲೆ, ಕೆಳಗೆ, ಅಡ್ಡಡ್ಡಲಾಗಿ ಎಲ್ಲೆ ಮೀರುವುದು ಮೂರು, ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು ನಾಲ್ಕನೆಯದು. ಐದನೆಯದು ಸ್ಮೃತ್ಯಂತರಾಧಾನ, ಎಂದರೆ ಹಾಕಿಕೊಂಡ ಮಿತಿಯ ನೆನಪೇ ಅಳಿದುಹೋಗುವುದು. ಮೀರುವವನಿಗೆ ಮೀರಿದೆನೆಂಬ ಅರಿವಾದರೂ ಇರಬಹುದು. ಮರೆತವನಿಗೆ ಅದೂ ಇಲ್ಲ. ಮನೆಯಲ್ಲಿದ್ದಾಗ ‘ಇವತ್ತು ಚತುರ್ದಶಿ ಕಣಪ್ಪ’ ಎಂದು ತಾಯಿ ನೆನಪಿಸುತ್ತಾಳೆ. ಪರದೇಶದ ಬಾಡಿಗೆ ಕೋಣೆಯಲ್ಲಿ ಹಾಗೆನ್ನುವವರಿಲ್ಲ. ಉತ್ತರದ ದೇಶಗಳಲ್ಲಿ ಚಳಿಗಾಲದ ಸೂರ್ಯ ಮಧ್ಯಾಹ್ನ ನಾಲ್ಕು ಗಂಟೆಗೇ ಮುಳುಗುವಾಗ ಸೂರ್ಯಾಸ್ತದೊಳಗೆ ಉಣ್ಣುವ ನಿಯಮ ಸುಲಭವೂ ಅಲ್ಲ.

ಹಾಗೆಂದು ಯಾರೂ ಹೊರಡಬಾರದೆಂದು ಹೇಳಲಾದೀತೇ? 1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಆಚಾರ್ಯ ವಿಜಯಾನಂದಸೂರಿಗಳು ಮುನಿಧರ್ಮದ ಕಾರಣದಿಂದ ಹೋಗಲಾಗದಿದ್ದಾಗ, ವೀರಚಂದ ರಾಘವಜಿ ಗಾಂಧಿಯವರು ಸಮುದ್ರ ದಾಟಿದರು. ಸಮಾಜದೊಳಗೇ ವಿರೋಧವಿದ್ದರೂ ಹೋದರು. ಅಲ್ಲಿ ಸಸ್ಯಾಹಾರದ ನಿಯಮವನ್ನು ಬಿಡಲಿಲ್ಲ. ದೂರ ಹೋಗುವುದೇ ದೋಷವಲ್ಲವೆಂಬುದಕ್ಕೆ ಅವರ ಬಾಳು ನಿದರ್ಶನ.

ಆದುದರಿಂದ ಹೊರಡುವ ಮಕ್ಕಳಿಗೆ ಪಾಸ್‌ಪೋರ್ಟ್, ಹಣ, ಔಷಧಿಗಳನ್ನು ಜೋಡಿಸಿಕೊಡುವಾಗಲೇ, ಅಲ್ಲಿ ನಿಜವಾಗಿ ಪಾಲಿಸಬಲ್ಲ ನಿಯಮಗಳಾವುವೆಂದು ಅವರೊಡನೆ ಕುಳಿತು ನಿಶ್ಚಯಿಸುವುದು ಲೇಸು. ಬಲವಂತದ ಹತ್ತು ನಿಯಮಗಳಿಗಿಂತ ತಾವಾಗಿ ಒಪ್ಪಿದ ಎರಡು ಹೆಚ್ಚು ಕಾಲ ಬಾಳುತ್ತವೆ. ಅಷ್ಟಮಿ ಚತುರ್ದಶಿಗಳಂದು ಮನೆಯಿಂದ ಒಂದು ದೂರವಾಣಿ ಕರೆ ಹೋಗಲಿ. ಅದು ವಿಚಾರಣೆಯಾಗದೆ ಬರಿಯ ನೆನಪಾಗಿರಲಿ. ಬಸದಿಗಳ ಧರ್ಮದರ್ಶಿಗಳಲ್ಲಿಯೂ ಒಂದು ವಿನಂತಿ. ನಮ್ಮ ಧರ್ಮಶಾಲೆಯ ಬಾಗಿಲಿಗೆ ಒಬ್ಬನೇ ಬಂದ ಪರಸ್ಥಳದವನನ್ನು ಸಂಶಯದಿಂದ ನೋಡುವ ಮುನ್ನ, ಜುನ್ನರದಲ್ಲಿ ಅಪರಿಚಿತನೊಬ್ಬನಿಗಾಗಿ ಬೇಡಿಕೊಂಡ ಆ ಖೊರಾಸಾನಿಯನ್ನು ನೆನೆಯೋಣ. ನಮ್ಮ ಮಕ್ಕಳು ಕೂಡ ಎಲ್ಲೋ ಯಾರದೋ ಬಾಗಿಲಲ್ಲಿ ನಿಂತಿರುತ್ತಾರೆ.

ನಿಕಿತಿನ್ ತನ್ನ ಊರನ್ನು ಮರಳಿ ಕಾಣಲಿಲ್ಲ. ಸ್ಮೊಲೆನ್ಸ್ಕ್ ನಗರವನ್ನು ಸೇರುವ ಮುನ್ನವೇ ದಾರಿಯಲ್ಲಿ ತೀರಿಕೊಂಡನು. ಅವನ ಟಿಪ್ಪಣಿಗಳು ಮಾತ್ರ 1475ರ ವೇಳೆಗೆ ಮಾಸ್ಕೋ ತಲುಪಿದವು.