ಸುರಂಗದ ಕಲ್ಲು, ರಸ್ತೆಯ ತಳ

ಆರೂವರೆ ಮೀಟರ್ ಅಗಲದ ಸುರಂಗವನ್ನು ಒಂದು ಕಿಲೋಮೀಟರ್ ಕೊರೆದರೆ ಸುಮಾರು 33 ಸಾವಿರ ಘನ ಮೀಟರ್ ಬಂಡೆ ಹೊರಬರುತ್ತದೆ. ಒಡೆದ ಕಲ್ಲು ಇಡೀ ಬಂಡೆಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ಹೊರಗೆ ರಾಶಿ ಬೀಳುವ ಹೊತ್ತಿಗೆ ಅದು 50 ಸಾವಿರ ಘನ ಮೀಟರ್‌ಗೆ ಮುಟ್ಟುತ್ತದೆ. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್‌ಗೆ ಐದು ಸಾವಿರ ಲೋಡು. ಎಂಜಿನಿಯರುಗಳು ಇದನ್ನು ಮಕ್ ಅನ್ನುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಇದು ವಿಲೇವಾರಿಯ ಖರ್ಚು. ಅದೇ ಹೊತ್ತಿಗೆ ಊರಾಚೆಯ ಯಾವುದೋ ಕ್ವಾರಿಯಲ್ಲಿ ಗುಡ್ಡ ಸಿಡಿಸಿ, ಕ್ರಷರ್‌ಗೆ ಸುರಿದು, ರಸ್ತೆಗೆಂದು ಜಲ್ಲಿ ಮಾಡುತ್ತಿರುತ್ತಾರೆ. ಒಂದು ಕಡೆ ಬೇಡವಾದ ಕಲ್ಲು, ಇನ್ನೊಂದು ಕಡೆ ಬೇಕಾದ ಕಲ್ಲು. ಎರಡನ್ನೂ ಜೋಡಿಸುವುದು ಇಷ್ಟು ಸುಲಭವಾಗಿ ಕಂಡರೂ ಅದಕ್ಕೊಂದು ಶಾಸ್ತ್ರ ಬೆಳೆಯಲು ದಶಕಗಳೇ ಹಿಡಿದವು.

ಡಾಂಬರಿನ ಕೆಳಗೆ ಏನಿದೆ ಎಂಬುದನ್ನು ಮೊದಲು ನೋಡಬೇಕು. ಹದ ಮಾಡಿದ ಮಣ್ಣಿನ ಮೇಲೆ ಜಿಎಸ್‌ಬಿ ಎಂಬ ಒರಟು ಜಲ್ಲಿಯ ಪದರ, ಅದರ ಮೇಲೆ ನೀರು ಬೆರೆಸಿ ಹಾಸುವ ಜಲ್ಲಿಯ ವೆಟ್ ಮಿಕ್ಸ್ ಪದರ, ಆಮೇಲೆ ಡಾಂಬರು. ಕೆಳಗಿನ ಎರಡು ಪದರಗಳಲ್ಲಿ ಅಂಟು ಎಂಬುದೇ ಇಲ್ಲ. ಚೂಪು ಮೂಲೆಯ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಲಾರಿಯ ಭಾರವನ್ನು ಹರಡುತ್ತವೆ, ಸಂದುಗಳಲ್ಲಿ ನೀರು ಬಸಿದುಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜಾನ್ ಮೆಕ್ಯಾಡಂ ಹೇಳಿದ್ದೂ ಇಷ್ಟೇ: ಸಣ್ಣದಾಗಿ ಒಡೆದ ಕಲ್ಲು ಹಾಕಿ, ನೀರು ನಿಲ್ಲಲು ಬಿಡಬೇಡಿ. ರೈಲು ಸುರಂಗಗಳ ಕಾಲದಲ್ಲಿ ಸಿಡಿಮದ್ದಿನಿಂದ ಒಡೆದ ಕಲ್ಲನ್ನು ಏರಿಗೋ, ತಗ್ಗು ತುಂಬಲಿಕ್ಕೋ ಸುರಿಯುತ್ತಿದ್ದರು. ಇದು ರಸ್ತೆಗೆ ತಕ್ಕದ್ದೇ ಎಂದು ಯಾರೂ ಅಳೆದು ನೋಡುತ್ತಿರಲಿಲ್ಲ.

ಅಳೆಯುವ ವಿಧಾನ ಬಂದದ್ದು ಸುರಂಗದ ಕಡೆಯಿಂದಲ್ಲ, ರಸ್ತೆಯ ಕಡೆಯಿಂದ. ಲಾಸ್ ಏಂಜಲೀಸ್ ಪರೀಕ್ಷೆ ಇಂದಿಗೂ ನಮ್ಮ ಪ್ರಯೋಗಾಲಯಗಳ ನಿತ್ಯದ ಕೆಲಸ. ಅಡ್ಡ ಮಲಗಿಸಿದ ಉಕ್ಕಿನ ಡ್ರಮ್ಮು, ಒಳಗೊಂದು ಅಡ್ಡಪಟ್ಟಿ. ಐದು ಕಿಲೋ ಜಲ್ಲಿಯ ಜೊತೆ ಹನ್ನೆರಡು ಉಕ್ಕಿನ ಗುಂಡುಗಳನ್ನು ಹಾಕಿ 500 ಸುತ್ತು ತಿರುಗಿಸುತ್ತಾರೆ. ಪಟ್ಟಿ ಪ್ರತಿ ಸುತ್ತಿಗೂ ಕಲ್ಲು ಗುಂಡುಗಳನ್ನು ಎತ್ತಿ ಕೆಳಕ್ಕೆ ಬೀಳಿಸುತ್ತದೆ; ಆ ಸದ್ದಿಗೆ ಪಕ್ಕದ ಕೋಣೆಯಲ್ಲೂ ಮಾತು ಕೇಳುವುದಿಲ್ಲ. ಕೊನೆಗೆ 1.7 ಮಿಲಿಮೀಟರ್ ಜರಡಿಯಲ್ಲಿ ಇಳಿದುಹೋದ ಪುಡಿ ಶೇಕಡಾ ಎಷ್ಟು ಎಂಬುದೇ ಫಲಿತಾಂಶ. ನಮ್ಮ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2013ರ ನಿರ್ದಿಷ್ಟತೆಯ ಪ್ರಕಾರ ವೆಟ್ ಮಿಕ್ಸ್ ಪದರಕ್ಕೆ ಈ ಅಂಕಿ 40 ದಾಟಬಾರದು. ಚಪ್ಪಟೆ ಮತ್ತು ಉದ್ದ ಕಲ್ಲುಗಳ ಒಟ್ಟು ಸೂಚ್ಯಂಕ 35 ದಾಟಬಾರದು. ನೀರು ಹಾಕಿ ಉಜ್ಜುವ ಫ್ರಾನ್ಸಿನ ಮೈಕ್ರೊ-ಡೆವಾಲ್ ಪರೀಕ್ಷೆ ಯುರೋಪಿನಲ್ಲಿ ಇದರ ಜೊತೆಗೆ ನಿಂತಿದೆ.

ಚಪ್ಪಟೆ ಕಲ್ಲಿನ ಮಾತು ಸುರಂಗದವರಿಗೆ ತಲೆನೋವಾದದ್ದು ಯಂತ್ರ ಬಂದ ಮೇಲೆ. 1950ರ ದಶಕದಲ್ಲಿ ಅಮೆರಿಕದ ಸೌತ್ ಡಕೋಟಾದ ಓಹೆ ಅಣೆಕಟ್ಟಿನ ಕೆಲಸದಲ್ಲಿ ಜೇಮ್ಸ್ ರಾಬಿನ್ಸ್ ಇಳಿಸಿದ ಕೊರೆಯುವ ಯಂತ್ರದಿಂದ ಹೊಸ ಕಾಲ ಶುರುವಾಯಿತು. ಟಿಬಿಎಂ ಎಂದು ಕರೆಯುವ ಇಂದಿನ ಸುರಂಗ ಕೊರೆಯುವ ಯಂತ್ರಗಳು ಗಟ್ಟಿ ಬಂಡೆಯನ್ನು ಸಿಡಿಸುವುದಿಲ್ಲ. ಉಕ್ಕಿನ ಚಕ್ರಗಳು ಬಂಡೆಯ ಮೇಲೆ ಒತ್ತಿ ಉರುಳುತ್ತವೆ, ಅಕ್ಕಪಕ್ಕದ ಎರಡು ಗೀರುಗಳ ನಡುವಿನ ಕಲ್ಲು ಚಕ್ಕೆಯಾಗಿ ಎದ್ದು ಬೀಳುತ್ತದೆ. ಆ ಚಕ್ಕೆಯನ್ನು ಕೈಯಲ್ಲಿ ಹಿಡಿದರೆ ಮುರಿದ ಹೆಂಚಿನ ಚೂರು ಹಿಡಿದಂತೆ: ಅಂಗೈಯಗಲ, ಅಂಚು ತೆಳು. ಜೊತೆಗೆ ಸಾಕಷ್ಟು ಪುಡಿ. ಚಪ್ಪಟೆ ಚೂರು ರೋಲರಿನ ಕೆಳಗೆ ಮುರಿಯುತ್ತದೆ, ಪುಡಿ ನೀರಿನ ದಾರಿ ಮುಚ್ಚುತ್ತದೆ. ಹೀಗಾಗಿ ಬಹಳ ಕಾಲ ಟಿಬಿಎಂ ಕಲ್ಲನ್ನು ತಗ್ಗು ತುಂಬುವುದಕ್ಕಷ್ಟೇ ಲಾಯಕ್ಕು ಎಂದು ಬದಿಗಿಟ್ಟಿದ್ದರು.

ಆ ಅಭಿಪ್ರಾಯವನ್ನು ಅಲುಗಾಡಿಸಿದ್ದು ಸ್ವಿಟ್ಜರ್‌ಲೆಂಡ್. 57 ಕಿ.ಮೀ. ಉದ್ದದ ಗೊಟ್ಹಾರ್ಡ್ ತಳ ಸುರಂಗದಿಂದ 2 ಕೋಟಿ 82 ಲಕ್ಷ ಟನ್ ಕಲ್ಲು ಹೊರಬಂತು. ಅಷ್ಟನ್ನು ಆಲ್ಪ್ಸ್ ಕಣಿವೆಯಲ್ಲಿ ಸುರಿಯಲು ಜಾಗವಾದರೂ ಎಲ್ಲಿ? ಕೊರೆತಕ್ಕೆ ಮೊದಲೇ, 1990ರ ದಶಕದಲ್ಲಿ, ಟಿಬಿಎಂ ಚಕ್ಕೆಯನ್ನು ಮತ್ತೆ ಒಡೆದು, ತೊಳೆದು, ಆಕಾರ ತಿದ್ದಿ ಕಾಂಕ್ರೀಟಿಗೆ ಬಳಸಬಹುದೇ ಎಂಬ ಸಂಶೋಧನೆ ನಡೆದಿತ್ತು. ಮರಳಿನಲ್ಲಿ ಅಭ್ರಕ ಹೆಚ್ಚಿದ್ದರೆ ಕಾಂಕ್ರೀಟು ಹೆಚ್ಚು ನೀರು ಕುಡಿಯುತ್ತದೆ ಎಂಬಂಥ ತೊಡಕುಗಳೂ ಆಗಲೇ ಗೊತ್ತಾಗಿದ್ದವು. 2016ರ ಜೂನ್‌ನಲ್ಲಿ ಸುರಂಗ ಉದ್ಘಾಟನೆಯಾಗುವ ವೇಳೆಗೆ ಸುಮಾರು ಮೂರನೇ ಒಂದು ಭಾಗ ಕಲ್ಲು ಅದೇ ಸುರಂಗದ ಕಾಂಕ್ರೀಟಿನೊಳಗೆ ಸೇರಿತ್ತು. ಇನ್ನಷ್ಟು ಕಲ್ಲಿನಿಂದ ಊರಿ ಸರೋವರದಲ್ಲಿ, ರೊಯ್ಸ್ ನದಿ ಸೇರುವಲ್ಲಿ, ಪುಟ್ಟ ದ್ವೀಪಗಳೇ ಎದ್ದವು.

ಇಲ್ಲಿ ಗಮನಿಸಬೇಕಾದ ಅಂಶ ತಂತ್ರಜ್ಞಾನದ್ದಲ್ಲ ಎಂದೇ ನನಗೆ ತೋರುತ್ತದೆ. ಗೊಟ್ಹಾರ್ಡ್‌ನಲ್ಲಿ ಕಲ್ಲು ತೆಗೆದವರೂ ಕಲ್ಲು ಬೇಕಾದವರೂ ಒಬ್ಬರೇ. ಕಾಂಕ್ರೀಟಿಗೆ ಕಟ್ಟುನಿಟ್ಟು ಹೆಚ್ಚು, ರಸ್ತೆಯ ತಳಕ್ಕೆ ಅಷ್ಟಿಲ್ಲ. ಆದರೂ ಕಾಂಕ್ರೀಟು ಮೊದಲು ಗೆದ್ದದ್ದು ಹೀಗೆ ಇಬ್ಬರೂ ಒಬ್ಬರೇ ಆಗಿದ್ದ ಕಾರಣಕ್ಕೆ.

ರಸ್ತೆಯ ಕಥೆ ಮುಂದೆ ಸಾಗಿದ್ದು ನಾರ್ವೆಯಲ್ಲಿ. ಅಲ್ಲಿ ಸುರಂಗ ತೋಡಿಸುವುದೂ ರಸ್ತೆ ಹಾಕಿಸುವುದೂ ಬಹುಮಟ್ಟಿಗೆ ಒಂದೇ ಇಲಾಖೆ. 2000ದಲ್ಲಿ ತೆರೆದ 24.5 ಕಿ.ಮೀ. ಉದ್ದದ ಲ್ಯಾರ್ಡಾಲ್ ಸುರಂಗವೂ ಸೇರಿ ಹೆಚ್ಚಿನವು ಸಿಡಿಮದ್ದಿನವು, ಕಲ್ಲೂ ದಪ್ಪ. ತೊಂದರೆ ಬಂದದ್ದು ಪಶ್ಚಿಮ ಕರಾವಳಿಯ ಇ39 ಹೆದ್ದಾರಿಯಲ್ಲಿ. ಕ್ರಿಸ್ಟಿಯಾನ್‌ಸಾಂಡ್‌ನಿಂದ ಟ್ರಾಂಡ್‌ಹೈಮ್‌ವರೆಗೆ ಸುಮಾರು 1,100 ಕಿ.ಮೀ. ದಾರಿಯಲ್ಲಿ ದೋಣಿ ದಾಟುವ ಕಡೆಯೆಲ್ಲ ಸೇತುವೆ, ಸುರಂಗ ಮಾಡುವ ಯೋಜನೆ ಅದು. ಹೊರಬರುವ ಕಲ್ಲು ಅಪಾರ. ಅದರಲ್ಲಿ ಒಂದು ಪಾಲು ಮೆತ್ತಗಿನದು, ಪರೀಕ್ಷೆಯ ಮಿತಿಯೊಳಗೆ ಬಾರದು. 2016ರಲ್ಲಿ ಶುರುವಾದ ‘ಕೊರ್ಟ್‌ರೈಸ್ಟ್ ಸ್ಟೈನ್’ ಸಂಶೋಧನಾ ಯೋಜನೆಯ ಗುರಿ ಹತ್ತಿರದ ಕಲ್ಲನ್ನು ಹತ್ತಿರದಲ್ಲೇ ಬಳಸುವುದಾಗಿತ್ತು.

ಟ್ರಾಂಡ್‌ಹೈಮ್‌ನ ಎನ್‌ಟಿಎನ್‌ಯು ವಿಶ್ವವಿದ್ಯಾಲಯದ ಡಿಯೇಗೊ ಮರಿಯಾ ಬಾರ್ಬಿಯೇರಿ, ಇಂಗೆ ಹೋಫ್ ಮುಂತಾದವರು ಪ್ರಶ್ನೆಯನ್ನೇ ಬದಲಿಸಿದರು. ಡ್ರಮ್ಮಿನ ಪರೀಕ್ಷೆ ಬಿಡಿ ಕಲ್ಲಿನ ಗುಣ ಹೇಳುತ್ತದೆ. ಅದೇ ಕಲ್ಲು ಪದರವಾಗಿ ಕೂತಾಗ ಹೇಗೆ ವರ್ತಿಸುತ್ತದೆ ಎಂದು ಹೇಳುವುದಿಲ್ಲ. ಅದನ್ನು ತಿಳಿಯಲು ಕುಟ್ಟಿ ಕೂರಿಸಿದ ಜಲ್ಲಿಯ ಕಂಬವನ್ನು ಸುತ್ತಲಿಂದ ಒತ್ತಿಹಿಡಿದು, ಮೇಲಿನಿಂದ ಸಾವಿರಾರು ಬಾರಿ ಭಾರ ಹಾಕಿ ತೆಗೆಯುತ್ತಾರೆ. ಎಷ್ಟು ತಗ್ಗಿ ಮತ್ತೆ ಮೇಲೆದ್ದಿತು, ಎಷ್ಟು ತಗ್ಗಿ ಹಾಗೇ ಉಳಿಯಿತು ಎಂದು ಅಳೆಯುತ್ತಾರೆ. ಹಾಗೇ ಉಳಿದ ತಗ್ಗೇ ನಾಳೆ ಚಕ್ರದ ಜಾಡಿನ ಹಳ್ಳ. ಈ ತಂಡ ಮೆತ್ತಗಿನ ಜಲ್ಲಿಗೆ ಎರಡು ಅಂಟುಗಳನ್ನು ಬೆರೆಸಿ ನೋಡಿತು: ಕಾಗದದ ತಿರುಳು ಮಾಡುವಾಗ ಉಪೋತ್ಪನ್ನವಾಗಿ ಸಿಗುವ ಲಿಗ್ನೋಸಲ್ಫೊನೇಟ್ ಒಂದು, ಆರ್ಗನೋಸಿಲೇನ್ ಇರುವ ಪಾಲಿಮರ್ ಇನ್ನೊಂದು. 2019ರಿಂದ ಪ್ರಕಟವಾದ ಫಲಿತಾಂಶಗಳಲ್ಲಿ ಎರಡೂ ಪದರವನ್ನು ಬಿಗಿಗೊಳಿಸಿದ್ದವು, ತಗ್ಗನ್ನೂ ಕಡಿಮೆ ಮಾಡಿದ್ದವು. ಮೊದಲನೆಯದು ನೀರಿನಲ್ಲಿ ಕರಗುವ ವಸ್ತು ಎಂಬುದನ್ನು ಮಳೆನಾಡಿನವರು ಮರೆಯುವಂತಿಲ್ಲ. ಆಗುಂಬೆಯ ಜೂನ್ ತಿಂಗಳಿಗೆ ಅದನ್ನು ಒಪ್ಪಿಸುವ ಮೊದಲು ನಾನಂತೂ ನಾಲ್ಕು ಮಳೆಗಾಲ ನೋಡುತ್ತೇನೆ.

ಕಲ್ಲು ಗಟ್ಟಿ ಇದ್ದರೆ ಸಾಲದು, ಶುದ್ಧವೂ ಇರಬೇಕು. ಸಿಡಿಮದ್ದಿನ ನೈಟ್ರೇಟ್ ಮಕ್ಕಿಗೆ ಅಂಟಿಕೊಂಡಿರುತ್ತದೆ. ಗೋಡೆಗೆ ಸಿಂಪಡಿಸಿದ ಕಾಂಕ್ರೀಟಿನ ತುಣುಕು, ನಾರು, ಡಿಟೊನೇಟರ್‌ಗಳಿಗೆ ಜೋಡಿಸುವ ಪ್ಲಾಸ್ಟಿಕ್ ನಳಿಕೆಗಳೂ ಸೇರಿರುತ್ತವೆ. ನಾರ್ವೆಯಲ್ಲಿ ಸುರಂಗದ ಕಲ್ಲಿನಿಂದ ಸಮುದ್ರ ತುಂಬಿದ ಕಡೆ ಈ ಪ್ಲಾಸ್ಟಿಕ್ ತೇಲಿ ದಡಕ್ಕೆ ಬಂದು ಗಲಾಟೆಯಾಯಿತು. ಓಸ್ಲೊ ಸುತ್ತಲಿನ ಆಲಮ್ ಶೇಲ್ ಇನ್ನೂ ಕೆಟ್ಟದ್ದು: ಗಾಳಿ ನೀರು ತಾಗಿದರೆ ಆಮ್ಲ ಬಿಡುತ್ತದೆ, ಉಬ್ಬುತ್ತದೆ, ಯುರೇನಿಯಮ್ಮನ್ನೂ ಹೊತ್ತಿರುತ್ತದೆ. ಅದನ್ನು ರಸ್ತೆಗಿರಲಿ, ಸಾಮಾನ್ಯ ತಿಪ್ಪೆಗೂ ಹಾಕುವಂತಿಲ್ಲ. ಹಾಗಾಗಿ ಕಲ್ಲು ಬೆರೆತುಹೋಗುವ ಮೊದಲೇ ವಿಂಗಡಿಸಬೇಕು. ಆಸ್ಟ್ರಿಯದ ಲಿಯೋಬೆನ್ ಗಣಿ ವಿಶ್ವವಿದ್ಯಾಲಯ ಮುಂದಾಳಾಗಿದ್ದ ಡ್ರ್ಯಾಗನ್ ಎಂಬ ಯುರೋಪಿನ ಯೋಜನೆ, ಕನ್ವೇಯರ್ ಬೆಲ್ಟಿನ ಮೇಲೆ ಓಡುತ್ತಿರುವಾಗಲೇ ಕಲ್ಲಿನ ಗಾತ್ರ, ರಾಸಾಯನಿಕ ಗುಣ ಅಳೆಯುವ ದಾರಿ ಹುಡುಕಿತು.

ನಮ್ಮ ದೇಶದ ಅಧ್ಯಾಯ ಶುರುವಾಗುವುದು ಅನಾಹುತದಿಂದ. 2013ರ ಜೂನ್ ಪ್ರವಾಹದಲ್ಲಿ ಉತ್ತರಾಖಂಡದ ಶ್ರೀನಗರದ ಬಳಿ ಅಲಕನಂದಾ ದಡದಲ್ಲಿ ಪೇರಿಸಿದ್ದ ಜಲವಿದ್ಯುತ್ ಯೋಜನೆಯ ಮಕ್ಕನ್ನು ನದಿ ಎತ್ತಿಕೊಂಡು ಹೋಗಿ ಊರಿನ ಮನೆಗಳಿಗೆ ತುಂಬಿತು. ಸುಪ್ರೀಂ ಕೋರ್ಟಿನ ಆದೇಶದಂತೆ ರಚನೆಯಾದ ರವಿ ಚೋಪ್ರಾ ಸಮಿತಿ ಜಲವಿದ್ಯುತ್ ಯೋಜನೆಗಳ ಪರಿಣಾಮವನ್ನು ಪರಿಶೀಲಿಸಿತು. ಆದರೂ ಹಿಮಾಲಯದಲ್ಲಿ ಕೊರೆತ ನಿಂತಿಲ್ಲ. ಋಷಿಕೇಶ–ಕರ್ಣಪ್ರಯಾಗ ರೈಲುಮಾರ್ಗದ 125 ಕಿ.ಮೀ.ನಲ್ಲಿ ನೂರಕ್ಕೂ ಹೆಚ್ಚು ಕಿ.ಮೀ. ಸುರಂಗದಲ್ಲೇ ಸಾಗುತ್ತದೆ. ಅಲ್ಲಿನ ಪರ್ವತ ಎಳೆಯದು, ಬಂಡೆ ನುಜ್ಜಾದದ್ದು. ಎಲ್ಲವನ್ನೂ ರಸ್ತೆಗೆ ಹಾಕುತ್ತೇವೆಂದರೆ ಸುಳ್ಳಾಗುತ್ತದೆ.

ಬೆಂಗಳೂರಿನ ಸ್ಥಿತಿ ತಿರುಗುಮುರುಗು. ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವ, ಸುಮಾರು 300 ಕೋಟಿ ವರ್ಷದ ಗಟ್ಟಿ ನೈಸ್ ಶಿಲೆಯೇ ನಗರದ ಕೆಳಗೂ ಇದೆ. ಕ್ವಾರಿಗಳಲ್ಲಿ ಒಡೆಯುವುದೂ ಇದೇ ಜಾತಿಯ ಕಲ್ಲು. ಕಾಳೇನ ಅಗ್ರಹಾರ–ನಾಗವಾರ ಮೆಟ್ರೊ ಮಾರ್ಗದಲ್ಲಿ ಊರ್ಜಾ, ಅವನಿ, ವಿಂಧ್ಯಾ ಎಂಬ ಟಿಬಿಎಂಗಳು ಕೊರೆದದ್ದು ಈ ನೆಲವನ್ನು. ಆದರೆ ಇಲ್ಲಿ ಗಟ್ಟಿ ಬಂಡೆ, ಕೊಳೆತ ಬಂಡೆ, ಕೆಮ್ಮಣ್ಣು ಒಂದರ ಬೆನ್ನಿಗೊಂದು ಬರುತ್ತವೆ. ಬೆಂಟೊನೈಟ್ ರಾಡಿಯಲ್ಲಿ ಹೊರಗೆ ಸಾಗಿಸುವ ಯಂತ್ರವಾದರೆ ಕಲ್ಲನ್ನು ಬೇರ್ಪಡಿಸಿ ತೊಳೆಯಲೇಬೇಕು. ಇಷ್ಟೆಲ್ಲ ಮಾಡಿದರೂ ಮೆಟ್ರೊ ನಿಗಮಕ್ಕೆ ಹಾಸಲು ರಸ್ತೆಯಿಲ್ಲ, ರಸ್ತೆ ನಗರಾಡಳಿತದ್ದು. ಕಟ್ಟಡದ ಕಲ್ಲು ಉಪಖನಿಜವಾದ್ದರಿಂದ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, ರಾಜಧನ ಎಂದು ಗಣಿ ಇಲಾಖೆಯೂ ಮಧ್ಯೆ ಬರುತ್ತದೆ.

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಯ ಪ್ರಸ್ತಾಪವಿದೆ. ಅದು ಬೇಕೋ ಬೇಡವೋ ಎಂಬ ಜಗಳ ಬೇರೆಯೇ. ಕಟ್ಟುವುದೇ ಆದರೆ ಸುರಂಗದ ಯಜಮಾನನೂ ರಸ್ತೆಯ ಯಜಮಾನನೂ ಇಲ್ಲಿ ಹೆಚ್ಚುಕಡಿಮೆ ಒಂದೇ ಮನೆಯವರು. ಕೇಳಬೇಕಾದದ್ದು ಟೆಂಡರ್ ಹೊತ್ತಿನಲ್ಲೇ: ಕೊರೆತದ ಕಲ್ಲು ಯಾರ ಸ್ವತ್ತು? ವಿಂಗಡಣೆಯ ದರ ಯಾವ ಬಾಬ್ತಿನಲ್ಲಿ? ರಸ್ತೆ ಕೆಲಸ ಶುರುವಾಗುವ ತನಕ ರಾಶಿ ಹಾಕಲು ಎಷ್ಟು ಎಕರೆ, ಎಲ್ಲಿ? ಮಕ್ ವಿಲೇವಾರಿ ಗುತ್ತಿಗೆದಾರನ ಜವಾಬ್ದಾರಿ ಎಂಬ ಒಂದೇ ಸಾಲು ಬರೆದುಬಿಟ್ಟರೆ, ಆ ಕಲ್ಲು ಟಿಪ್ಪರ್ ಹತ್ತಿ ಹತ್ತಿರದ ಖಾಲಿ ಹಳ್ಳಕ್ಕೆ ಹೋಗುತ್ತದೆ, ವೆಟ್ ಮಿಕ್ಸ್‌ನ ಜಲ್ಲಿ ಎಂದಿನಂತೆ ಕ್ವಾರಿಯಿಂದ ಬರುತ್ತದೆ.