ಕಿಟಕಿ ತೆರೆದರೆ ಎಷ್ಟು ವ್ಯಾಟ್? ಟಿ.ಬಿ. ಡ್ಯಾಂ ಪರಿಸರದ ಕಲ್ಲುಗೋಡೆಯ ಕೋಣೆ ಮತ್ತು ಆಂಪ್ಲಿಫೈಯರ್ ಆಯ್ಕೆ

ಸ್ಪೀಕರಿಗೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಸಿಗುತ್ತದೋ ಅದು ಅದರ ಸೆನ್ಸಿಟಿವಿಟಿ. ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಕಳೆಯಿರಿ ಎಂಬ ವಾಡಿಕೆಯ ಸೂತ್ರ ಬಯಲಿಗೆ ಸರಿ. ತುಂಗಭದ್ರೆಗೆ ಸುರ್ಕಿ ಗಾರೆಯಲ್ಲಿ ಕಲ್ಲಿನ ಅಣೆಕಟ್ಟು (ಟಿ.ಬಿ. ಡ್ಯಾಂ) ಕಟ್ಟಿದ ಈ ಸೀಮೆಯಲ್ಲಿ ಹೊಸಪೇಟೆ, ಕಂಪ್ಲಿಯ ಹಳೆಯ ಮನೆಗಳದೂ ಕಲ್ಲಿನ ಗೋಡೆ, ಬಂಡೆಯ ನೆಲ. ಗೋಡೆಗೆ ಬಡಿದ ಸದ್ದು ಮರಳಿ ಬರುವುದರಿಂದ ಅಲ್ಲಿ ಆ ಸೂತ್ರ ದಾರಿ ತಪ್ಪಿಸುತ್ತದೆ. ಇಲ್ಲಿ ವ್ಯಾಟ್ ನಿರ್ಧರಿಸುವಾಗ ಕಿಟಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ನನ್ನ ವಾದ.

ಹಾರ್ವರ್ಡಿನಲ್ಲಿ 1895ರಿಂದ ಅನುರಣನವನ್ನು, ಅಂದರೆ ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಮೊರೆತವನ್ನು, ಅಳೆಯತೊಡಗಿದ ವಾಲೇಸ್ ಸೇಬಿನ್ ತೆರೆದ ಕಿಟಕಿಯನ್ನೇ ಹೀರಿಕೆಯ ಮಾನವಾಗಿ ಇಟ್ಟುಕೊಂಡ: ಹೊರಗೆ ಹೋದ ಸದ್ದು ಮರಳುವುದಿಲ್ಲ. ಬೇಸಿಗೆಯ ಸಂಜೆ ಕಿಟಕಿ, ಬಾಗಿಲು ತೆರೆದು ಕೂರುವ ನಮ್ಮೂರಿಗೆ ಈ ಮಾನ ಹೇಳಿ ಮಾಡಿಸಿದಂತಿದೆ.

4 × 4.5 × 3 ಮೀಟರಿನ ಕೋಣೆಯನ್ನು ತೆಗೆದುಕೊಳ್ಳೋಣ. ಗಾತ್ರ 54 ಘನ ಮೀಟರ್. ಕಲ್ಲು, ಗಾರೆ, ಮಂಚ, ಬಟ್ಟೆ, ಕೂತ ಜನ ಎಲ್ಲ ಸೇರಿ ಹೀರಿಕೆ 5 ಚದರ ಮೀಟರ್ ತೆರೆದ ಕಿಟಕಿಗೆ ಸಮ ಎಂದು ಊಹಿಸಿದರೆ ಸೇಬಿನ್ ಸೂತ್ರದ ಪ್ರಕಾರ ಅನುರಣನ ಸುಮಾರು 1.7 ಸೆಕೆಂಡ್. ಒಂದು ಬಾಗಿಲು, ಎರಡು ಕಿಟಕಿ ತೆರೆದರೆ ಇನ್ನೂ 5 ಚದರ ಮೀಟರ್ ಸೇರುತ್ತದೆ. ಅನುರಣನ ಅರ್ಧಕ್ಕಿಳಿಯುತ್ತದೆ, ಕೋಣೆಯಲ್ಲಿ ತುಂಬಿ ನಿಂತ ಸದ್ದೂ 3 ಡೆಸಿಬೆಲ್ ತಗ್ಗುತ್ತದೆ. ಕೇಳುಗ ಗುಂಡಿ ತಿರುಗಿಸುತ್ತಾನೆ, ಆಂಪ್ಲಿಫೈಯರಿನ ಹೊರೆ ಇಮ್ಮಡಿಯಾಗುತ್ತದೆ.

ಇನ್ನು 87 ಡೆಸಿಬೆಲ್ ಸೆನ್ಸಿಟಿವಿಟಿಯ ಎರಡು ಸ್ಪೀಕರುಗಳು, ಕೂರುವ ದೂರ 3 ಮೀಟರ್. ಸರಾಸರಿ 75 ಡೆಸಿಬೆಲ್ ಸದ್ದು ಸಾಕು. ಆದರೆ ತಬಲದ ಪೆಟ್ಟು ಅದಕ್ಕಿಂತ 20 ಡೆಸಿಬೆಲ್ ಮೇಲೇರಬಹುದು. ಬಯಲಿನ ಸೂತ್ರದಲ್ಲಿ ಎರಡೂ ಸೇರಿ 95 ಡೆಸಿಬೆಲ್ ಮುಟ್ಟಲು ಒಂದೊಂದು ಸ್ಪೀಕರಿಗೆ 28 ವ್ಯಾಟ್ ಬೇಕು. ಮುಚ್ಚಿದ ಕಲ್ಲುಕೋಣೆಯಲ್ಲಿ ದೂರಕ್ಕೆ ಕಳೆಯುವುದು 5 ಡೆಸಿಬೆಲ್ ಮಾತ್ರ ಎಂದುಕೊಂಡರೆ 10 ವ್ಯಾಟ್ ಸಾಕು. ಕಿಟಕಿ ತೆರೆದರೆ 20. ಫ್ಯಾನು, ಕೂಲರಿನ ಸದ್ದನ್ನು ಮೀರಲು ಇನ್ನೂ 3 ಡೆಸಿಬೆಲ್ ಏರಿಸಿದರೆ 40. ಮಳೆಗಾಲಕ್ಕೆ ಧಾರಾಳವಾಗಿದ್ದ ಆಂಪ್ಲಿಫೈಯರ್ ಏಪ್ರಿಲಿನಲ್ಲಿ ಏದುಸಿರು ಬಿಡುವುದು ಇದಕ್ಕೇ.

ಸ್ಪೀಕರ್ 90 ಡೆಸಿಬೆಲಿನದಾದರೆ ಆ 40 ಮತ್ತೆ 20 ಆಗುತ್ತದೆ. ಜಾತ್ರೆಯ ಮೈಕ್ ಸೆಟ್ಟಿನ ಹಾರ್ನ್ 105 ಡೆಸಿಬೆಲಿನದೆಂದು ಹಿಡಿದರೆ, 87ರ ಸ್ಪೀಕರ್ ಆ ಸದ್ದಿಗೆ 63 ಪಟ್ಟು ಶಕ್ತಿ ಬೇಡುತ್ತದೆ. ಕೊಳ್ಳುವಾಗ ಮೊದಲು ಓದಬೇಕಾದದ್ದು ಸ್ಪೀಕರಿನ ಹಿಂದಿನ ಚೀಟಿ. ಅಲ್ಲೂ ಎಚ್ಚರ ಬೇಕು: 2.83 ವೋಲ್ಟಿನಲ್ಲಿ ಅಳೆದ 4 ಓಮ್ ಸ್ಪೀಕರ್ 1 ವ್ಯಾಟ್ ಅಲ್ಲ, 2 ವ್ಯಾಟ್ ಎಳೆದಿರುತ್ತದೆ. ಅದರ ಅಂಕಿಯಲ್ಲಿ 3 ಡೆಸಿಬೆಲ್ ಕಳೆದೇ ಓದಬೇಕು. ಶಕ್ತಿ ಸಾಲದೆ ಆಂಪ್ಲಿಫೈಯರ್ ಅಲೆಯ ತಲೆ ಕತ್ತರಿಸಿದಾಗ ಹುಟ್ಟುವ ಹೆಚ್ಚಿನ ಕಂಪನಾಂಕಗಳು ಟ್ವೀಟರನ್ನು ಸುಡಬಲ್ಲವು. ಹೊರಗೆ 40 ಡಿಗ್ರಿ ಇರುವಾಗ ಹೀಟ್‌ಸಿಂಕಿಗೆ ಗಾಳಿ ಬಿಡದೆ ಆಂಪ್ಲಿಫೈಯರನ್ನು ಗೂಡಿನಲ್ಲಿ ತುರುಕುವುದಂತೂ ಬೇಡವೇ ಬೇಡ.

ಮುಚ್ಚಿದ ಕೋಣೆಯ 10 ವ್ಯಾಟಿನ ಉಳಿತಾಯಕ್ಕೆ ನಾನು ಮರುಳಾಗಲಾರೆ. 1.7 ಸೆಕೆಂಡ್ ಅನುರಣನದಲ್ಲಿ ದಾಸರ ಪದದ ಅಕ್ಷರ ಕಲಸಿಹೋಗುತ್ತದೆ. ಗೋಡೆಗೊಂದು ದಪ್ಪ ಕೌದಿ ತೂಗುಹಾಕಿ. ಅದು 2 ಚದರ ಮೀಟರ್ ಹೀರಿಕೆ ಕೂಡಿಸಿದರೂ ಅನುರಣನ 1.2 ಸೆಕೆಂಡಿಗಿಳಿದು 10 ವ್ಯಾಟ್ 14 ಆಗುತ್ತದೆ. ಆ 4 ವ್ಯಾಟನ್ನು ನಾನು ಸಂತೋಷದಿಂದ ಕೊಡುತ್ತೇನೆ.